ಆಂಗ್ಲಭಾಷೆಯಲ್ಲಿ ಗಂಟೆ ಕೇಳುವ ಬಗೆ

ಅಪರಿಚಿತರನ್ನು ಇಂಗ್ಲಿಷಿನಲ್ಲಿ ಮರ್ಯಾದೆ ಕೆಡದಂತೆ ಗಂಟೆ ಕೇಳುವುದು ಹೇಗೆಂದು ವಾಚಕರೊಬ್ಬರು ಬರೆದು ಕೇಳಿರುವರು. ಪ್ರಶ್ನೆ ಅಲ್ಪವೆಂದು ಕೆಲವರು ನಗಬಹುದು. ನಾವು ನಗಲಾರೆವು; ಈ ಅಲ್ಪವಾದ ಮಾತಿನಲ್ಲಿ ತಪ್ಪಿ ನಾವೇ ಒಮ್ಮೆ ಬಸ್ಸನ್ನು ಕಳೆದುಕೊಂಡಿರುವೆವು.

ಅದು ನಡೆದುದು ಹಂಪೆಯಲ್ಲಿ. ಸಂಜೆಯ ಹೊತ್ತು. ನಮ್ಮ ಗಡಿಯಾರವು ನಿಂತುಹೋಗಿದ್ದಿತು. ಮನೆಯಾಕೆ ಗಂಟುಮೂಟೆಗಳೊಡನೆ ಬಸ್ಸಿನ ಬಳಿ ಕಾದಿದ್ದರು. ವಿರೂಪಾಕ್ಷ ದೇವಾಲಯದ ಮುಂದೆ ಜಗುಲಿಯ ಮೇಲೆ ಕುಳಿತಿದ್ದ ಆಂಗ್ಲ ವೃದ್ಧೆಯೊಬ್ಬರ ಕೈಯಲ್ಲಿ ಗಡಿಯಾರವನ್ನು ಕಂಡು, ಕೈಮುಗಿದು, ‘ಡು ಯು ಹ್ಯಾವ್ ಟೈಮ್, ಮೇಡಂ?’ ಎಂದೆವು. ಆಕೆ ಮುಗುಳ್ನಕ್ಕು ‘ಪ್ಲೆಂಟಿ’ ಎಂದು ಪಕ್ಕಕ್ಕೆ ಸರಿದು ನಮಗೆ ಸ್ಥಳ ಮಾಡಿಕೊಟ್ಟರು! ‘ತಮಗೆ ಬಿಡುವಿದೆಯೆ?’ ಎಂಬುದೇ ನಮ್ಮ ಮಾತಿನ ಅರ್ಥವಾಗಿದ್ದಿತು. ಬೇಕಾದಷ್ಟು ಬಿಡುವಿದೆಯೆಂದವರಿಗೆ ಬೆನ್ನು ತೋರಿಸುವುದು ಹೇಗೆ? ಕುಳಿತೆವು. 1510ರ ಶಾಸನದಿಂದ ತೊಡಗಿ ಕೃಷ್ಣದೇವರಾಯನ ರಂಗಮಂಟಪದ ವೃತ್ತಾಂತವನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೊಸಪೇಟೆಯ ದಾರಿ ಹಿಡಿದಿದ್ದಿತು. ಮನೆಯಾಕೆಯ ಮಾತುಗಳನ್ನು ಇಲ್ಲಿ ಬರೆಯತಕ್ಕುದಲ್ಲ.

ನಾವು ಬಿಟ್ಟದ್ದು ‘ದ’ ಎಂಬ ಒಂದೇ ಅಕ್ಷರ. ‘ಡು ಯು ಹ್ಯಾವ್ ದ ಟೈಮ್?’ ಎಂದಿದ್ದರೆ ಗಂಟೆ ಕೇಳಿದಂತಾಗುತ್ತಿದ್ದಿತು. ಕನ್ನಡದಲ್ಲಾಗಲಿ ಸಂಸ್ಕೃತದಲ್ಲಾಗಲಿ ಇಂಥ ಉಪಪದವಿಲ್ಲ. ಆದುದರಿಂದ ನಮ್ಮ ನಾಲಗೆಯು ಅದನ್ನು ನುಂಗಿಬಿಡುವುದು.

‘ವಾಟ್ ಈಸ್ ದ ಟೈಮ್?’ ಎಂಬುದು ತಪ್ಪಲ್ಲ. ಮನೆಯವರಲ್ಲಿ ಸಲ್ಲುವುದು, ಪರಕೀಯರಿಗೆ ತುಸು ಒರಟು. ಕನ್ನಡದಲ್ಲಾದರೆ ‘ಹೇಳುವಿರಾ’ ಎಂಬ ಬಹುವಚನದಲ್ಲಿಯೇ ಗೌರವವು ಅಡಗಿದೆ. ಇಂಗ್ಲಿಷಿನ ‘ಯು’ ಎಂಬುದೋ ಹಸುಗೂಸಿಗೂ ಹಿರಿಯರಿಗೂ ಒಂದೇ. ಹೀಗಾಗಿ ವಿನಯವನ್ನು ಕ್ರಿಯಾಪದದಲ್ಲಿ ಇಡಬೇಕು: ‘ಎಕ್ಸ್‌ಕ್ಯೂಸ್ ಮಿ, ಕುಡ್ ಯು ಟೆಲ್ ಮಿ ದ ಟೈಮ್, ಪ್ಲೀಸ್?’ ‘ಕುಡ್’ ಎಂಬುದು ‘ಕ್ಯಾನ್’ ಎಂಬುದರ ಭೂತಕಾಲದ ರೂಪವಾದರೂ ಇಲ್ಲಿ ಭೂತಕಾಲದ ಅರ್ಥವಿಲ್ಲ. ಕೇಳುವವನು ಒಂದು ಹೆಜ್ಜೆ ಹಿಂದೆ ನಿಂತು, ಒಲ್ಲೆನೆನ್ನಲೂ ಎದುರಿನವರಿಗೆ ಅವಕಾಶವಿತ್ತಂತೆ. ಸಂಪ್ರಶ್ನ, ಪ್ರಾರ್ಥನೆ ಮೊದಲಾದ ಅರ್ಥಗಳಲ್ಲಿ ಪಾಣಿನಿಯು ಲಿಙ್ ಲಕಾರವನ್ನು ವಿಧಿಸಿರುವುದನ್ನು ಓದಿದವರಿಗೆ ಈ ‘ಕುಡ್’ ಹಳೆಯ ನಂಟನಂತೆ ತೋರೀತು. ಬಾಲಕರಿಗೆ ನಾವು ‘ಪ್ಲೀಸ್’ ಒಂದನ್ನೇ ಬಾಯಿಪಾಠ ಮಾಡಿಸಿದೆವು. ಅದು ನಮ್ಮ ಕಾಲದ ಉಪಾಧ್ಯಾಯರ ದೋಷ.

ಕೈಗಡಿಯಾರವಿಲ್ಲದವರು ‘ನೋ’ ಎಂದು ಮುಖ ತಿರುಗಿಸದೆ ‘ಐ ಆಮ್ ಅಫ್ರೇಡ್ ಐ ಡೋಂಟ್ ಹ್ಯಾವ್ ಎ ವಾಚ್’ ಎನ್ನಬೇಕು. ಇಲ್ಲಿ ‘ಅಫ್ರೇಡ್’ ಎಂದರೆ ಭಯವಲ್ಲ, ಬರಿಯ ದಾಕ್ಷಿಣ್ಯ.

ಉತ್ತರವನ್ನು ಕೇಳಿಸಿಕೊಳ್ಳುವುದರಲ್ಲಿಯೂ ಎಚ್ಚರ ಬೇಕು. ಇಂಗ್ಲೆಂಡಿನವರು ‘ಹಾಫ್ ಸೆವೆನ್’ ಎಂದರೆ 7-30. ಜರ್ಮನರು ತಮ್ಮ ಭಾಷೆಯಲ್ಲಿ ‘ಅರ್ಧ ಏಳು’ ಎಂದರೆ 6-30. ‘ಸೆವೆನ್ ಥರ್ಟಿ’ ಎಂದರೆ ಸಂಶಯಕ್ಕೆಡೆಯಿಲ್ಲ. ಇನ್ನು ಕಾಲು ಗಂಟೆಯ ವಿಚಾರ. ನಾವು ಕಳೆದುದನ್ನು ಎಣಿಸಿ ‘ಏಳೂಮುಕ್ಕಾಲು’ ಎನ್ನುವೆವು. ಅವರು ಬರಬೇಕಾದುದನ್ನು ಎಣಿಸಿ ‘ಕ್ವಾರ್ಟರ್ ಟು ಎಯ್ಟ್’ ಎನ್ನುವರು. ‘ಟು’ ಕಿವಿಗೆ ಬೀಳದಿದ್ದರೆ ಕೇಳಿದವನು ಎಂಟೂಕಾಲೆಂದು ತಿಳಿದಾನು. ಅರ್ಧ ಗಂಟೆಯ ಅಂತರ!

ಹಂಪೆಯ ಆ ವೃದ್ಧೆ, ನಾವು ಏಳುವಾಗ, ಕೇಳದಿದ್ದರೂ ತಾವಾಗಿಯೇ ಗಡಿಯಾರ ನೋಡಿ ‘ಕ್ವಾರ್ಟರ್ ಟು ಸೆವೆನ್’ ಎಂದರು. ಏಳೂಕಾಲಾಯಿತೆಂದು ನಾವು ಓಡಿದೆವು.