ರೆಕ್ಕೆಯಿಲ್ಲದ ನೊಣ

ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿಯನ್ನು ವಿಜಯಪುರದ ಮನೆಗೆ ತಂದು ಎರಡು ದಿನ ಇಟ್ಟರೆ ಸಾಕು, ಎಳ್ಳಿನಷ್ಟು ಹಣ್ಣುನೊಣಗಳು ಮುತ್ತುತ್ತವೆ. ಈ ಕ್ಷುದ್ರಜೀವಿಯೇ ವಿಜ್ಞಾನಿಗಳಿಗೆ ಗುರುವಾದ ಬಗೆ ಸ್ವಾರಸ್ಯಕರವಾದುದು.

1973ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್. ಪಿ. ಶರ್ಮಾ ಅವರು ಒಂದು ವಿಚಿತ್ರ ನೊಣದ ತಳಿಯನ್ನು ವರದಿ ಮಾಡಿದರು. ಅವುಗಳಲ್ಲಿ ಕೆಲವಕ್ಕೆ ಒಂದು ರೆಕ್ಕೆಯಿಲ್ಲ, ಕೆಲವಕ್ಕೆ ಎರಡೂ ಇಲ್ಲ. ಕಾರಣವಾದ ಜೀನಿಗೆ 'ವಿಂಗ್‌ಲೆಸ್' ಎಂದು ಹೆಸರಾಯಿತು. 1982ರಲ್ಲಿ ರೋಯೆಲ್ ನುಸ್ಸೆ, ಹೆರಾಲ್ಡ್ ವಾರ್ಮಸ್ ಎಂಬವರು ಇಲಿಯ ಸ್ತನದ ಗಂತಿಯಲ್ಲಿ ಬೇರೊಂದು ಜೀನನ್ನು ಗುರುತಿಸಿದರು. ಎರಡೂ ಒಂದೇ ಮೂಲದವೆಂದು 1987ರಲ್ಲಿ ತಿಳಿಯಿತು! ಇವು ಹುಟ್ಟಿಸುವ ಪ್ರೋಟೀನು ಭ್ರೂಣದಲ್ಲಿ ಅಂಗ ಕಟ್ಟುವ ಆಜ್ಞೆಯನ್ನು ಕೋಶದಿಂದ ಕೋಶಕ್ಕೆ ಒಯ್ಯುವ ದೂತ. ಆಜ್ಞೆ ಹದ ತಪ್ಪಿದರೆ ಅಂಗವೈಕಲ್ಯವೋ ಅರ್ಬುದವೋ ಉಂಟಾಗಬಹುದು.

ಕಣ್ಣಿಗೆ ಕಾಣದ ಈ ದೂತನನ್ನು ಹಿಡಿಯುವ ಬಗೆ ಹೇಗೆ? ಪ್ರೋಟೀನಿನ ತುಣುಕನ್ನು ಮೊಲಕ್ಕೆ ಚುಚ್ಚಿದರೆ, ಅದರ ರಕ್ತದಲ್ಲಿ ಆ ತುಣುಕಿಗೆ ಅಂಟುವ ಪ್ರತಿಕಾಯಗಳು ಹುಟ್ಟುತ್ತವೆ. ಅವಕ್ಕೆ ಹೊಳೆಯುವ ಬಣ್ಣ ಕಟ್ಟಿ ಅಂಗಾಂಶದ ಮೇಲೆ ಬಿಟ್ಟರೆ, ಸೂಕ್ಷ್ಮದರ್ಶಕದಲ್ಲಿ ದೂತನಿರುವೆಡೆ ಬೆಳಕು ಮೂಡುತ್ತದೆ.

ಆದರೆ ಪ್ರತಿಕಾಯವು ಸುಳ್ಳು ಸಾಕ್ಷಿಯನ್ನೂ ನುಡಿದೀತು. ಹೋಲಿಕೆಯಿರುವ ಮತ್ತೊಂದು ಪ್ರೋಟೀನಿಗೂ ಅಂಟೀತು. ಅದನ್ನು ನಂಬಿ ನಡೆದರೆ ವರ್ಷಗಳ ದುಡಿಮೆ ವ್ಯರ್ಥ. ಆದಕಾರಣ ಆ ಪ್ರೋಟೀನೇ ಇಲ್ಲದ ಕೋಶಗಳ ಮೇಲೆ ಅದನ್ನು ಮೊದಲು ಪರೀಕ್ಷಿಸಬೇಕು. ಅಲ್ಲಿ ಕತ್ತಲೆ ಉಳಿದರೆ ಮಾತ್ರ ಇಲ್ಲಿಯ ಬೆಳಕಿಗೆ ಬೆಲೆ.