ಮಿದುಳಿನೊಳಗಿನ ಯಂತ್ರಕ್ಕೆ ಹೊಣೆಗಾರರು ಯಾರು?

ಪಂಪ್‌ಸೆಟ್ ಮಾರುವ ವರ್ತಕರಾಗಲಿ, ಹಿಟ್ಟಿನ ಗಿರಣಿಯ ಯಂತ್ರ ತಯಾರಿಸುವ ಸಣ್ಣ ಉದ್ಯಮಿಗಳಾಗಲಿ, ಬಿಡಿಭಾಗ ಹಾಗೂ ದುರಸ್ತಿಯ ವ್ಯವಸ್ಥೆ ಇಲ್ಲದೆ ಗ್ರಾಹಕರ ವಿಶ್ವಾಸವನ್ನು ಬಹುಕಾಲ ಉಳಿಸಿಕೊಳ್ಳಲಾರರು. ವ್ಯವಹಾರದ ಈ ಹಳೆಯ ಪಾಠವೇ ಇಂದು ವೈದ್ಯಕೀಯ ವಿಜ್ಞಾನದ ಒಂದು ಹೊಸ ಕ್ಷೇತ್ರದಲ್ಲಿ ಗಂಭೀರ ಪ್ರಶ್ನೆಯಾಗಿ ತಲೆಯೆತ್ತಿದೆ. ಅದು ಮಾನವನ ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸಿ, ಅದರ ಆಧಾರದ ಮೇಲೆ ಚಿಕಿತ್ಸೆ ನೀಡುವ ಕ್ಷೇತ್ರ.

ಈ ತಂತ್ರಜ್ಞಾನದಲ್ಲಿ ಎರಡು ಕವಲುಗಳಿವೆ. ಮೊದಲನೆಯದು, ಮಿದುಳಿನ ಸಂಕೇತಗಳಿಂದ ಕಂಪ್ಯೂಟರನ್ನು ನಡೆಸುವುದು. 2004ರಲ್ಲಿ ಅಮೆರಿಕದ ‘ಬ್ರೈನ್‌ಗೇಟ್’ ಪ್ರಯೋಗದಲ್ಲಿ ಸುಮಾರು ನೂರು ಸೂಕ್ಷ್ಮ ಸೂಜಿಗಳುಳ್ಳ, 4 ಮಿಲಿಮೀಟರ್ ಅಗಲದ ಬಿಲ್ಲೆಯನ್ನು ಪಾರ್ಶ್ವವಾಯು ಪೀಡಿತ ಯುವಕನ ಮಿದುಳಿಗೆ ಅಳವಡಿಸಲಾಯಿತು. ಆತ ಕೈಯಾಡಿಸದೆಯೇ ಪರದೆಯ ಮೇಲಿನ ಬಾಣದ ಗುರುತನ್ನು ಚಲಿಸಬಲ್ಲವನಾದನು. ಎರಡನೆಯದು, ಮಿದುಳಿನ ನಿರ್ದಿಷ್ಟ ಭಾಗಕ್ಕೆ ಮಿತವಾದ ವಿದ್ಯುತ್ ಸ್ಪಂದನ ನೀಡಿ ರೋಗವನ್ನು ಹತೋಟಿಯಲ್ಲಿಡುವುದು. ಪಾರ್ಕಿನ್ಸನ್ ಕಾಯಿಲೆಗೆ ಈ ಚಿಕಿತ್ಸೆಯು ಅಮೆರಿಕದಲ್ಲಿ 2002ರಲ್ಲಿ ಮಾನ್ಯತೆ ಪಡೆಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇಂತಹ ಶಸ್ತ್ರಚಿಕಿತ್ಸೆ ನಡೆಯುತ್ತಿದೆ.

ಸಾಧನೆಯ ಈ ಮುಖವನ್ನು ಪತ್ರಿಕೆಗಳು ವರ್ಣಿಸುತ್ತಲೇ ಇವೆ. ಇನ್ನೊಂದು ಮುಖವನ್ನು ನೋಡಬೇಕಾದರೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರಕ್ಕೆ ಹೋಗಬೇಕು. ಅಲ್ಲಿ 2010ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ, ಔಷಧಿಗೆ ಬಗ್ಗದ ಮೂರ್ಛೆರೋಗದಿಂದ ಬಳಲುತ್ತಿದ್ದ 15 ಮಂದಿಗೆ ಅಮೆರಿಕದ ‘ನ್ಯೂರೋವಿಸ್ಟಾ’ ಕಂಪನಿಯ ಸಾಧನವನ್ನು ಅಳವಡಿಸಲಾಯಿತು. ಅದು ಮಿದುಳಿನ ಮೇಲ್ಮೈಯ ಸಂಕೇತಗಳನ್ನು ಹಗಲಿರುಳೂ ದಾಖಲಿಸಿ, ಮೂರ್ಛೆ ಬರುವ ಸಂಭವವನ್ನು ಕೈಯಲ್ಲಿ ಹಿಡಿಯುವ ಪೆಟ್ಟಿಗೆಯೊಂದರ ದೀಪದ ಮೂಲಕ ಸೂಚಿಸುತ್ತಿತ್ತು. ಕೆಂಪು ದೀಪ ಹೊತ್ತಿದರೆ ಅಪಾಯ ಹೆಚ್ಚು, ನೀಲಿ ದೀಪ ಹೊತ್ತಿದರೆ ಕಡಿಮೆ. ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಆದರೆ ಕಂಪನಿಯ ಬಂಡವಾಳ ಬರಿದಾಗಿ, ಸಾಧನಗಳನ್ನು ಹೊರತೆಗೆಸಿಕೊಳ್ಳುವಂತೆ ರೋಗಿಗಳಿಗೆ ತಿಳಿಸಲಾಯಿತು. ಸಾಧನದಿಂದ ಧೈರ್ಯದ ಬದುಕು ಕಂಡುಕೊಂಡಿದ್ದ ಮಹಿಳೆಯೊಬ್ಬರು ಮನೆಯನ್ನು ಅಡವಿಟ್ಟಾದರೂ ಅದನ್ನು ಕೊಂಡುಕೊಳ್ಳಲು ಮುಂದಾದರು, ಅದೂ ಕೈಗೂಡಲಿಲ್ಲ. ಅವರ ತಲೆಯಿಂದ ಯಂತ್ರ ಹೊರಬಂದಿತು. ಆ ಪ್ರಯೋಗದಲ್ಲಿ ಸಂಗ್ರಹವಾದ ದಾಖಲೆಗಳು ಮಾತ್ರ ಮುಂದೆಯೂ ಸಂಶೋಧಕರಿಗೆ ಉಪಯೋಗವಾದವು.

ಇದೊಂದೇ ಪ್ರಕರಣವಲ್ಲ. ಅಂಧರಿಗೆ ಕೃತಕ ದೃಷ್ಟಿ ನೀಡುವ ‘ಆರ್ಗಸ್ 2’ ಎಂಬ ಕಣ್ಣಿನ ಸಾಧನವನ್ನು ತಯಾರಿಸುತ್ತಿದ್ದ ‘ಸೆಕೆಂಡ್ ಸೈಟ್’ ಕಂಪನಿಯು 2020ರಲ್ಲಿ ಹಣದ ಮುಗ್ಗಟ್ಟಿನಿಂದ ಬಹುಪಾಲು ನೌಕರರನ್ನು ಕೈಬಿಟ್ಟಿತು. ಅದನ್ನು ಅಳವಡಿಸಿಕೊಂಡಿದ್ದ 350ಕ್ಕೂ ಹೆಚ್ಚು ಮಂದಿ ದುರಸ್ತಿಗೆ ದಿಕ್ಕಿಲ್ಲದವರಾದರು.

ಹೊಸ ಉದ್ಯಮದ ಮೇಲೆ ಜೀವಮಾನವಿಡೀ ನಿರ್ವಹಣೆಯ ಹೊರೆ ಹೊರಿಸಿದರೆ ಬಂಡವಾಳ ಹೂಡುವವರೇ ಇರಲಾರರು ಎಂಬ ವಾದವಿದೆ. ಉದ್ಯಮಿಗಳಾದ ನಾವು ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಕಂಪನಿ ಮುಳುಗುವುದು ವ್ಯವಹಾರದಲ್ಲಿ ಸಹಜ ಸಂಭವವಾದ್ದರಿಂದಲೇ ಅದಕ್ಕೆ ಮುಂಚಿತವಾಗಿ ಸಿದ್ಧತೆ ಅಗತ್ಯ. ಈ ದಿಶೆಯಲ್ಲಿ ಮೂರು ಕ್ರಮಗಳು ಅಸಾಧ್ಯವೇನಲ್ಲ.

ಮೊದಲನೆಯದಾಗಿ, ಪ್ರಯೋಗದ ಅಂದಾಜು ಪಟ್ಟಿಯಲ್ಲಿಯೇ ನಿರ್ವಹಣೆಗೆ ಅಥವಾ ಹೊರತೆಗೆಯುವ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ನಿಧಿ ಇರಬೇಕು. ಸಾಲಗಾರರು ಅದನ್ನು ಮುಟ್ಟುವಂತಿರಬಾರದು. ಎರಡನೆಯದಾಗಿ, ಸಾಧನದ ನಕ್ಷೆ ಮತ್ತು ತಂತ್ರಾಂಶಗಳನ್ನು ಮೂರನೆಯ ಸಂಸ್ಥೆಯೊಂದರ ವಶದಲ್ಲಿ ಇರಿಸಿ, ತಯಾರಕರು ಬಾಗಿಲು ಮುಚ್ಚಿದರೆ ಬೇರೆಯವರು ಸೇವೆ ಮುಂದುವರಿಸುವಂತಾಗಬೇಕು. ಮೂರನೆಯದಾಗಿ, ಬಿಡಿಭಾಗಗಳು ಏಕರೂಪವಾಗಬೇಕು. ಹೃದಯದ ಪೇಸ್‌ಮೇಕರ್‌ಗಳಲ್ಲಿ ಒಂದು ಕಂಪನಿಯ ತಂತಿಯು ಮತ್ತೊಂದು ಕಂಪನಿಯ ಯಂತ್ರಕ್ಕೆ ಹೊಂದುವಂತೆ ಅಂತಾರಾಷ್ಟ್ರೀಯ ಮಾನಕ ಬಹುಕಾಲದಿಂದ ಜಾರಿಯಲ್ಲಿದೆ. ಮಿದುಳಿನ ಸಾಧನಗಳಲ್ಲಿ ಅಂತಹ ಏಕರೂಪತೆ ಇನ್ನೂ ನೆಲೆಗೊಂಡಿಲ್ಲ.

ಈ ಮೂರನೆಯ ಅಂಶವು ಸಣ್ಣ ಕೈಗಾರಿಕೆಗಳಿಗೆ ವಿಶೇಷವಾಗಿ ಸಂಬಂಧಿಸಿದುದು. ಮಾನಕವಿದ್ದಲ್ಲಿ ಬಿಡಿಭಾಗ ತಯಾರಕರಿಗೆ ಒಬ್ಬನೇ ಗಿರಾಕಿಯ ಹಂಗಿರುವುದಿಲ್ಲ. ದೇಹದೊಳಗೆ ಅಳವಡಿಸುವ ಇಂತಹ ವಿದ್ಯುತ್ ಸಾಧನಗಳು 2017ರ ವೈದ್ಯಕೀಯ ಸಾಧನ ನಿಯಮಗಳ ಅತ್ಯಂತ ಕಟ್ಟುನಿಟ್ಟಾದ ‘ಡಿ’ ವರ್ಗಕ್ಕೆ ಸೇರುತ್ತವೆ. ಸೂಕ್ಷ್ಮ ಯಂತ್ರಗಾರಿಕೆಯಲ್ಲಿ ಪಳಗಿದ ನಮ್ಮ ಸದಸ್ಯರು ಈ ಕ್ಷೇತ್ರಕ್ಕೆ ಕಾಲಿಡುವುದಾದರೆ, ಗುಣಮಟ್ಟದ ಪ್ರಮಾಣಪತ್ರದ ಜೊತೆಗೆ ‘ಹತ್ತು ವರ್ಷಗಳ ನಂತರ ಈ ಭಾಗವನ್ನು ಯಾರು ಒದಗಿಸುತ್ತಾರೆ?’ ಎಂಬ ಪ್ರಶ್ನೆಗೂ ಉತ್ತರವನ್ನು ಕರಾರಿನಲ್ಲಿಯೇ ಬರೆದಿಡುವುದು ಒಳಿತು.

ಕೆಟ್ಟ ಪಂಪ್‌ಸೆಟ್ಟನ್ನು ರೈತರು ಬಿಚ್ಚಿ ಬೇರೆ ಅಂಗಡಿಗೆ ಒಯ್ಯಬಲ್ಲರು. ತಲೆಬುರುಡೆಯೊಳಗಿನ ಯಂತ್ರವನ್ನು ಹೊತ್ತ ರೋಗಿಗೆ ಆ ಅನುಕೂಲವಿಲ್ಲ. ಆದ್ದರಿಂದ ಅದನ್ನು ತಯಾರಿಸುವವರ ಹೊಣೆಯೂ ಅಷ್ಟೇ ಹೆಚ್ಚಿನದೆಂಬುದನ್ನು ಉದ್ಯಮ ಜಗತ್ತು ತಾನಾಗಿಯೇ ಒಪ್ಪಿಕೊಳ್ಳುವುದು ಲೇಸು.