ಸೇವಾ ಶ್ವಾನ: ಮನೆಯಲ್ಲಿ ಪಳಗಿದರೂ ಬಸ್ಸಿನಲ್ಲಿ ಸ್ಥಾನವಿಲ್ಲ

ಶಿವಮೊಗ್ಗ: ಆಸ್ಪತ್ರೆ, ಶಾಲೆ-ಕಾಲೇಜು, ಬಸ್ ಹಾಗೂ ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸುವಂತೆ ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದ ನಂತರ, ನಾಯಿಯ ಕುರಿತ ಸಾರ್ವಜನಿಕ ಚರ್ಚೆ ಕಡಿತ ಮತ್ತು ರೇಬಿಸ್ ಸುತ್ತಲೇ ಸುಳಿಯುತ್ತಿದೆ. ಆ ಆತಂಕ ನಿರಾಧಾರವಲ್ಲ. ಆದರೆ ಈ ಗದ್ದಲದಲ್ಲಿ ಮರೆತುಹೋದ ಇನ್ನೊಂದು ನಾಯಿಯಿದೆ. ಅದು ಅಂಗವೈಕಲ್ಯವುಳ್ಳವರ ನೆರವಿಗೆಂದೇ ಪಳಗಿಸಿದ ಸೇವಾ ಶ್ವಾನ. ಅಂಥ ನಾಯಿಗೆ ಒಡೆಯರೇ ಮನೆಯಲ್ಲಿ ತರಬೇತಿ ನೀಡಬಹುದೇ? ನೀಡಿದರೆ, ಭದ್ರಾವತಿಯಿಂದ ಹೊರಟವರು ಅದರೊಂದಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಬಾಗಿಲು ದಾಟಬಲ್ಲರೇ? ಮೊದಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಹೌದು. ತೊಡಕಿರುವುದು ಎರಡನೆಯದರಲ್ಲಿ.

ಕಲಿಸಬಹುದಾದದ್ದು, ಕಲಿಸಲಾಗದ್ದು

ಅಂಧರಿಗೆ ದಾರಿ ತೋರುವ ನಾಯಿಗಳ ವ್ಯವಸ್ಥಿತ ತರಬೇತಿ ಮೊದಲ ಮಹಾಯುದ್ಧದ ಕಾಲದಲ್ಲಿ, ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯಲ್ಲಿ ಆರಂಭವಾಯಿತು. 1929ರಲ್ಲಿ ಅಮೆರಿಕದಲ್ಲಿ 'ಸೀಯಿಂಗ್ ಐ' ಸಂಸ್ಥೆ ಸ್ಥಾಪನೆಗೊಂಡಿತು. ಅಲ್ಲಿಂದೀಚೆಗೆ ಸೇವಾ ಶ್ವಾನದ ಕೆಲಸ ವಿಸ್ತಾರಗೊಂಡಿದೆ. ಕಿವಿ ಕೇಳದವರಿಗೆ ಕರೆಗಂಟೆ, ಕುಕ್ಕರ್ ಸೀಟಿ ಅಥವಾ ಮಗುವಿನ ಅಳುವನ್ನು ಮುಟ್ಟಿ ತಿಳಿಸುವುದು, ಬಗ್ಗಲಾರದವರಿಗೆ ಕೈಜಾರಿದ ಊರುಗೋಲು ಎತ್ತಿಕೊಡುವುದು, ಹಗ್ಗ ಕಟ್ಟಿದ ಬಾಗಿಲನ್ನು ಎಳೆದು ತೆರೆಯುವುದು ಇವುಗಳಲ್ಲಿ ಕೆಲವು.

ಇಂಥ ಕೆಲಸಗಳನ್ನು ಮನೆಯಲ್ಲೇ ಕಲಿಸಲು ಸಾಧ್ಯ. ದುಬಾರಿ ತಳಿಗಿಂತ ಅಳುಕದ, ಕೆರಳದ ಸ್ವಭಾವ ಮುಖ್ಯ. ಶಬ್ದ ತಿಳಿಸುವ ಕೆಲಸಕ್ಕೆ ನಾಡನಾಯಿಯೂ ಆದೀತು. ಮರಿಯಾಗಿದ್ದಾಗಲೇ ಜನ, ವಾಹನ, ಸಂತೆಯ ಗಲಾಟೆಗೆ ಒಗ್ಗಿಸಬೇಕು. ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದು, ಪ್ರತಿ ಹಂತಕ್ಕೂ ತಿನಿಸು, ಮೆಚ್ಚುಗೆ ನೀಡಬೇಕು. ಹೊಡೆತದಿಂದ ಕಲಿತ ನಾಯಿ ಜನಸಂದಣಿಯಲ್ಲಿ ಬೆದರುತ್ತದೆ. ಪೂರ್ಣ ತರಬೇತಿಗೆ ಒಂದೂವರೆಯಿಂದ ಎರಡು ವರ್ಷ ಹಿಡಿಯುವುದುಂಟು. ಎಲುಬು ಬಲಿಯುವ ಮುನ್ನ ಮೈಭಾರ ಹೊರಿಸಬಾರದು.

ಅಂಧರಿಗೆ ರಸ್ತೆ ದಾಟಿಸುವ ಕೆಲಸ ಮಾತ್ರ ಬೇರೆ. ಒಡೆಯರು 'ನಡೆ' ಎಂದರೂ ಎದುರಿಗೆ ವಾಹನವಿದ್ದರೆ ನಾಯಿ ನಿಲ್ಲಬೇಕು. ಆಜ್ಞೆ ಮೀರುವ ಈ ವಿವೇಕವನ್ನು ಕಲಿಸಲು ನುರಿತ ತರಬೇತುದಾರರೇ ಬೇಕು. ಇಲ್ಲಿ ಮನೆಪಾಠ ಅಪಾಯಕ್ಕೆ ದಾರಿ.

ನಿಯಮಗಳ ಮೌನ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸಾರಿಗೆ ಸೌಲಭ್ಯ ಎಲ್ಲರಿಗೂ ಎಟುಕಬೇಕೆಂದೂ, ವ್ಯಕ್ತಿಯ ಅಗತ್ಯಕ್ಕೆ ತಕ್ಕ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆಂದೂ ಹೇಳುತ್ತದೆ. ಆದರೆ ಸೇವಾ ಶ್ವಾನದ ಹೆಸರನ್ನೇ ಎತ್ತುವುದಿಲ್ಲ. ಈ ಮೌನದ ಪರಿಣಾಮ ಬಸ್ಸಿನಲ್ಲಿ ಕಾಣುತ್ತದೆ. ಕೆಎಸ್‌ಆರ್‌ಟಿಸಿ ಅಂಧರಿಗೆ ಉಚಿತ ಪಾಸ್ ನೀಡುತ್ತದೆ. 2023ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೂ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಆದರೆ ನಿಗಮದ 2022ರ ಪರಿಷ್ಕೃತ ನಿಯಮ ನಾಯಿಯನ್ನು ಕಂಡದ್ದು ಅರ್ಧ ಟಿಕೆಟ್ಟಿನ ಸಾಕುಪ್ರಾಣಿಯಾಗಿ. ಒಡೆಯರ ಪ್ರಯಾಣ ಉಚಿತ, ಅವರ ಕಿವಿಯೋ ಕೈಯೋ ಆದ ನಾಯಿಗೆ ಶುಲ್ಕ. ರೈಲಿನಲ್ಲಿ ಸಾಕುನಾಯಿಯನ್ನು ಜೊತೆಗೆ ಕರೆದೊಯ್ಯಲು ಅವಕಾಶವಿರುವುದು ಪ್ರಥಮ ದರ್ಜೆಯಲ್ಲಿ. ಉಳಿದಂತೆ ಅದು ಗಾರ್ಡ್ ಬೋಗಿಯ ಪೆಟ್ಟಿಗೆಗೆ ಹೋಗಬೇಕು. ಭದ್ರಾವತಿ-ಶಿವಮೊಗ್ಗ ನಡುವಿನ ನಿತ್ಯ ಪ್ರಯಾಣಿಕರಿಗೆ ಈ ಸೌಲಭ್ಯ ಇದ್ದೂ ಇಲ್ಲದಂತೆ.

ವಿಮಾನಯಾನ ನಿಯಮಗಳು ಹಾಗಲ್ಲ. ತರಬೇತಿ ಪಡೆದ ಮಾರ್ಗದರ್ಶಿ ನಾಯಿ ಪ್ರಯಾಣಿಕರ ಜೊತೆಯಲ್ಲೇ ಸಾಗಲು ಅವು ಅವಕಾಶ ನೀಡುತ್ತವೆ. 2023ರಲ್ಲಿ ಉದ್ಘಾಟನೆಗೊಂಡ ಸೋಗಾನೆ ನಿಲ್ದಾಣದಿಂದ ಹಾರುವವರಿಗಿರುವ ಈ ಸ್ಪಷ್ಟತೆ ಬಸ್ ಹತ್ತುವವರಿಗಿಲ್ಲ.

ಬೀದಿಯ ವಾಸ್ತವ

ಕಾನೂನಿನಾಚೆಗೂ ಅಡ್ಡಿಗಳಿವೆ. ಹಗ್ಗ ಹಿಡಿದು ಹೋಗುವ ನಾಯಿಯ ಮೇಲೆ ಬೀದಿನಾಯಿಗಳ ಹಿಂಡು ಎರಗಿದರೆ, ಮೊದಲು ಬೀಳುವವರು ಊರುಗೋಲಿನವರೇ. ಮತ್ತೊಂದೆಡೆ, ಬೀದಿನಾಯಿ ಹಾವಳಿಗೆ ಹುಡುಕಿಕೊಂಡ ಅಡ್ಡದಾರಿಯನ್ನೂ ಈ ಜಿಲ್ಲೆ ಕಂಡಿದೆ. 2021ರ ಸೆಪ್ಟೆಂಬರ್‌ನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು-ಹೊಸೂರು ವ್ಯಾಪ್ತಿಯಲ್ಲಿ ನಾಯಿಗಳನ್ನು ಕೊಂದು ಹೂತ ಪ್ರಕರಣ ನಾಡಿನಾದ್ಯಂತ ಸುದ್ದಿಯಾಗಿತ್ತು. ಸಂತಾನಶಕ್ತಿಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಗಳ ಹೊಣೆಯೆಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ಆ ಹೊಣೆ ನೆರವೇರದೆ ಸೇವಾ ಶ್ವಾನ ಬೀದಿಗಿಳಿಯುವುದು ದುಸ್ತರ.

ಸಾಧ್ಯವಿರುವ ಪರಿಹಾರ

ಅಮೆರಿಕದ 1990ರ ಕಾಯ್ದೆಯಡಿ ಒಡೆಯರೇ ನಾಯಿಯನ್ನು ತರಬೇತುಗೊಳಿಸಬಹುದು. ಅಂಗಡಿ, ಹೋಟೆಲಿನವರು ಕೇಳಬಹುದಾದುದು ಎರಡೇ ಪ್ರಶ್ನೆ: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ? ಅದು ಯಾವ ಕೆಲಸ ಕಲಿತಿದೆ? ಹತೋಟಿ ತಪ್ಪಿದ ನಾಯಿಯನ್ನು ಹೊರಗೆ ಕಳುಹಿಸುವ ಅಧಿಕಾರವೂ ಅವರಿಗಿದೆ. ಆದರೆ ಕೇವಲ ಮಾತಿನ ಮೇಲಿನ ನಂಬಿಕೆ, ರೇಬಿಸ್ ಭಯವಿರುವ ನಮ್ಮಲ್ಲಿ ಸಾಲದು. ಇಲ್ಲಿ ಪರೀಕ್ಷೆ ಅಗತ್ಯ. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ; ನಾಯಿಯ ಆರೋಗ್ಯ, ಲಸಿಕೆ, ವರ್ತನೆಯನ್ನು ಅದು ಪರಿಶೀಲಿಸಬಹುದು. ಕಲಿತ ಕೆಲಸ ಮತ್ತು ಒಡೆಯರ ಅಗತ್ಯವನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ದೃಢೀಕರಿಸಬಹುದು. ಅದರ ಆಧಾರದ ಮೇಲೆ ನಗರಾಡಳಿತ ಗುರುತಿನ ಚೀಟಿ ನೀಡಿದರೆ ಬಸ್ ನಿರ್ವಾಹಕರಿಗೂ ಆಸ್ಪತ್ರೆಯ ಕಾವಲುಗಾರರಿಗೂ ಗೊಂದಲ ಉಳಿಯದು.

ನೆರೆಯ ದಾವಣಗೆರೆಯ ಪೊಲೀಸ್ ಶ್ವಾನ ತುಂಗಾ 2020ರಲ್ಲಿ 12 ಕಿ.ಮೀ. ಓಡಿ ಕೊಲೆ ಪ್ರಕರಣದ ಸುಳಿವು ನೀಡಿದಾಗ ಜನ ಹೆಮ್ಮೆಪಟ್ಟರು. ಪಳಗಿದ ನಾಯಿಯ ಸಾಮರ್ಥ್ಯವನ್ನು ಈ ಸೀಮೆ ಬಲ್ಲದು. ಸುಪ್ರೀಂ ಕೋರ್ಟ್ ಆದೇಶವಿರುವುದು ಬೀದಿನಾಯಿಗಳ ಕುರಿತು. ಆದರೆ ಲಿಖಿತ ಸೂಚನೆಯಿಲ್ಲದೆ ಗೇಟಿನ ಕಾವಲುಗಾರರು ಎಲ್ಲ ನಾಯಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸಂಭವವಿದೆ. ಆದೇಶ ಜಾರಿಯ ಸುತ್ತೋಲೆಗಳಲ್ಲಿ ಸೇವಾ ಶ್ವಾನಕ್ಕೆ ವಿನಾಯಿತಿ ನೀಡುವ ಒಂದು ಸಾಲು ಸೇರಿಸುವುದು ಜಿಲ್ಲಾಡಳಿತ ಇಡಬಹುದಾದ ಮೊದಲ ಹೆಜ್ಜೆ.